ಚಿಕ್ಕಮ್ಮನಿಗೂ ಅದೇ ಫೋನ್

ಸಂಜೆ ಏಳೂವರೆಗೆ ರಾಜ್ಯಶ್ರೀಗೆ ವಿಜಯವಾಡದ ಪಟಮಟದಿಂದ ಚಿಕ್ಕಮ್ಮ ಕಮಲಾಕ್ಷಿಯ ಫೋನ್ ಬಂತು. ರಾಜ್ಯಶ್ರೀಯ ಹತ್ತಿರ ಇರುವಂಥದ್ದೇ ಸ್ಮಾರ್ಟ್‌ಫೋನ್ ತಾನೂ ಕೊಳ್ಳಬೇಕೆಂದಿದ್ದೇನೆ, ಕೊಳ್ಳಬಹುದೇ ಎಂದು ಕೇಳಿದಳು.

"ನಮ್ಮ ಫೋನಿಗೆ ಏನೋ ರೋಗ ಬಡದೈತವ್ವಾ. ನಿನ್ನ ಮಾತು ಅರ್ಧಕ್ಕೇ ಹಾರಿ ಹೊಕ್ಕಾವು. ಮಾಳಿಗಿ ಹತ್ತಿ ನೀರಿನ ಟ್ಯಾಂಕಿನ ಬಾಜೂಕ ನಿಂತು ಮಾತಾಡಾಕತ್ತೀನಿ, ಆದ್ರೂ ಅಷ್ಟೇ. ನಿಂದು ಹೊಸದು, ಅದರಾಗೇನು ತಪ್ಪಿರಾಂಗಿಲ್ಲ. ಅಂಥದ್ದೇ ಒಂದು ತಗೊಂಡುಬಿಟ್ರ ಸರಿಹೊಕ್ಕತಿ. ಹೌದಿಲ್ಲೋ?"

ರಾಜ್ಯಶ್ರೀ ವಿಶಾಖಪಟ್ಟಣದ ಎಂವಿಪಿ ಕಾಲೋನಿಯ ತನ್ನ ಮನೆಯ ಬಾಲ್ಕನಿಯಲ್ಲಿ ನಿಂತಿದ್ದಳು. ಆ ಸಂಜೆ ಒಂದು ಮಾತೂ ಕಡಿದಿರಲಿಲ್ಲ. ಚಿಕ್ಕಮ್ಮ ಏದುಸಿರು ಬಿಡುತ್ತಿರುವುದೂ ಕೇಳುತ್ತಿತ್ತು.

"ಹಲೋ? ಹಲೋ, ಚಿಕ್ಕಮ್ಮಾ? ಕೇಳಿಸ್ತಾ ಇಲ್ಲ" ಎಂದು ಹೇಳಿ ಅವಳು ಕರೆಯನ್ನು ತಾನೇ ಕಡಿದಳು.

ಅದು 2016ರ ಜೂನ್. ಆ ಫೋನ್ ಕೊಂಡು ತಿಂಗಳಾಗಿತ್ತಷ್ಟೆ. ಕೊಳ್ಳುವ ಮುಂಚೆಯೇ ಗಂಡ ರಾಮ್‌ಪ್ರಸಾದ್ ಬೇಡವೆಂದಿದ್ದ. ಅವನು ಅನಕಾಪಲ್ಲಿಯ ಬೆಲ್ಲದ ವ್ಯಾಪಾರಿಗಳ ಮನೆಯವನು. ಏನೇ ಕೊಳ್ಳುವುದಿದ್ದರೂ ಮುರಿದು, ಮೂಸಿ, ನಾಲಿಗೆಗೆ ಇಟ್ಟು ನೋಡುವ ಜಾತಿ. ಕೊಂಡವರು ಬರೆದ ಅಭಿಪ್ರಾಯಗಳನ್ನೆಲ್ಲ ಇಂಟರ್ನೆಟ್ಟಿನಿಂದ ಗಟ್ಟಿಯಾಗಿ ಓದಿ ಹೇಳಿದ್ದ. ಗಂಡ ಹೆಂಡತಿಯ ಮಾತು ತೆಲುಗಿನಲ್ಲಿ.

"ಕ್ಯಾಮೆರಾ ಚೆನ್ನಾಗಿದೆಯಂತೆ. ಬ್ಯಾಟರಿ ಎರಡು ದಿನ ಬರುತ್ತದಂತೆ. ಫೋನ್ ಮಾಡುವುದಕ್ಕೆ ಮಾತ್ರ ಆಗುವುದಿಲ್ಲವಂತೆ! ಮೈಯೆಲ್ಲ ಲೋಹ, ಮನೆಯೊಳಗೆ ಹೋದರೆ ಸಿಗ್ನಲ್ ಹೋಗುತ್ತದೆ, ಕರೆ ನಡುವೆ ಕಡಿಯುತ್ತದೆ ಅಂತ ಎಲ್ಲರೂ ಬರೆದಿದ್ದಾರೆ ರಾಜೀ. ಇದರ ಬದಲು ನಮ್ಮಮ್ಮನ ಎಲೆಯಡಿಕೆ ಡಬ್ಬಿ ಇಟ್ಟುಕೋ, ಅದೂ ಲೋಹದ್ದೇ."

ಅವಳಿಗೆ ಇದನ್ನೆಲ್ಲ ಯಾರೂ ಹೇಳಿಕೊಡಬೇಕಾಗಿರಲಿಲ್ಲ. ಕಾಲೋನಿಯ ಕೋಚಿಂಗ್ ಸೆಂಟರಿನಲ್ಲಿ ಅವಳು ಭೌತಶಾಸ್ತ್ರದ ಪಾಠ ಮಾಡುತ್ತಿದ್ದಳು; ಲೋಹದ ಹೊದಿಕೆ ತರಂಗಗಳನ್ನು ಹೇಗೆ ತಡೆಯುತ್ತದೆಂದು ಬೋರ್ಡಿನ ಮೇಲೆ ಚಿತ್ರ ಬರೆದು ತೋರಿಸುವವಳು. ಅದೇ ಬೆಲೆಗೆ ಬೇರೆ ಕಂಪನಿಯ ಒಳ್ಳೆಯ ಫೋನ್ ಸಿಗುತ್ತಿತ್ತು. ಕೆಲವು ದಿನ ಎರಡನ್ನೂ ತೂಗಿ ನೋಡಿದಳು. ಕೊನೆಗೆ ಒಂದು ಸಂಜೆ, ಚಿಕ್ಕಮ್ಮನ ಜೊತೆ ಮಾತು ಮುಗಿಸಿದ ಕೂಡಲೇ, ಸಿಗ್ನಲ್ ಇಲ್ಲದ ಫೋನನ್ನೇ ಆರ್ಡರ್ ಮಾಡಿದಳು.

ಕಾರಣವನ್ನು ಅವಳು ಗಂಡನಿಗೂ ಹೇಳಿರಲಿಲ್ಲ. ಅವಳ ಅಮ್ಮ ಮತ್ತು ಕಮಲಾಕ್ಷಿ ಹೊಸಪೇಟೆಯ ಅಕ್ಕತಂಗಿಯರು. ಇಬ್ಬರೂ ತೆಲುಗಿನವರ ಮನೆ ಸೇರಿದವರು. ಅಮ್ಮ ಇದ್ದಷ್ಟು ದಿನ ಇಬ್ಬರೂ ಸಂಜೆ ಏಳೂವರೆಗೆ ಫೋನಿನಲ್ಲಿ ಕನ್ನಡದಲ್ಲಿ ಹರಟುತ್ತಿದ್ದರು. ಅಮ್ಮ ತೀರಿಹೋದ ಮೇಲೆ ಆ ಹೊತ್ತಿನ ಕರೆ ಮಗಳಿಗೆ ಬರತೊಡಗಿತು. ರಾಜ್ಯಶ್ರೀಯ ಕನ್ನಡ ಲಂಗ ಹಾಕುವ ವಯಸ್ಸಿನಲ್ಲೇ ನಿಂತುಹೋಗಿತ್ತು. ಊಟ, ನಿದ್ದೆ, ನೆಗಡಿ ಇಷ್ಟನ್ನು ಹೇಳಬಲ್ಲಳು. ಕೆಲಸದ ಕಿರಿಕಿರಿಯನ್ನೋ ಅತ್ತೆಯ ಮೇಲಿನ ಸಿಟ್ಟನ್ನೋ ಹೇಳಲು ಹೋದರೆ ಮಾತು ಸಿಗದೆ ತಡವರಿಸುತ್ತಿದ್ದಳು. ಆಗ ಚಿಕ್ಕಮ್ಮ ಕಾಯುತ್ತಿದ್ದಳು. ಆ ಕಾಯುವುದನ್ನು ಸಹಿಸಲು ಅವಳಿಗೆ ಆಗುತ್ತಿರಲಿಲ್ಲ. ಒಮ್ಮೆ ತೆಲುಗಿಗೆ ಹೊರಳಿದ್ದಕ್ಕೆ, "ಬ್ಯಾಡವ್ವಾ, ತೆಲುಗು ಮಾತಾಡಾಕ ನನಗ ಊರೆಲ್ಲಾ ಐತಿ. ಕನ್ನಡಕ್ಕ ನೀ ಒಬ್ಬಾಕೀನ" ಎಂದಿದ್ದಳು.

ಕೆಟ್ಟ ಫೋನ್ ಇದ್ದರೆ ಸುಳ್ಳು ಹೇಳಬೇಕಾಗುವುದಿಲ್ಲ ಎಂಬುದು ರಾಜ್ಯಶ್ರೀಯ ಲೆಕ್ಕ. ಕರೆ ತಾನಾಗಿ ಕಡಿಯುತ್ತದೆ, ಯಾರಿಗೂ ನೋವಿಲ್ಲ. ಕಡಿಯದ ದಿನ ತಾನೇ ಕಡಿಯುವುದು ಎರಡನೇ ವಾರದಲ್ಲೇ ರೂಢಿಯಾಗಿತ್ತು.

ಅವಳು ಬಾಲ್ಕನಿಯಿಂದ ಒಳಗೆ ಬರುವಷ್ಟರಲ್ಲಿ ರಾಮ್‌ಪ್ರಸಾದನ ಫೋನ್ ರಿಂಗಾಯಿತು. ಕಮಲಾಕ್ಷಿಯ ಗಂಡ ಜಗನ್ಮೋಹನ್, ರೈಲ್ವೆ ಗಾರ್ಡ್ ಆಗಿ ನಿವೃತ್ತನಾದವನು. ಅವನ ತೆಲುಗು ಸ್ಪೀಕರ್ ಇಲ್ಲದೆಯೂ ಕೋಣೆಗೆಲ್ಲ ಕೇಳುತ್ತಿತ್ತು.

"ಏನ್ ಬಾಬೂ, ಸಂಜೆಯಾದರೆ ನಿಮ್ಮ ಚಿಕ್ಕತ್ತೆ ಮಾಳಿಗೆಯ ಮೇಲೆ ಟ್ಯಾಂಕಿಗೆ ಪ್ರದಕ್ಷಿಣೆ ಹಾಕುತ್ತಾಳೆ. ಆ ಮೊಣಕಾಲು ಇಟ್ಟುಕೊಂಡು! ಎದುರು ಮನೆಯವರು ಏನು ವ್ರತ ಅಂತ ಕೇಳಿದರು. ರಿಪೇರಿ ಅಂಗಡಿಯವನು ಇವಳ ಫೋನ್ ಚೆನ್ನಾಗಿದೆ ಅಂದರೆ ಅವನಿಗೇನೂ ಬರುವುದಿಲ್ಲ ಅಂತಾಳೆ. ರಾಜಿ ಓದಿದವಳು, ನೋಡಿಯೇ ತಗೊಂಡಿರುತ್ತಾಳೆ, ನನಗೂ ಅದೇ ಬೇಕು ಅಂತ ಹಟ. ಆನ್‌ಲೈನಿನಲ್ಲಿ ನೀನೇ ಒಂದು ಆರ್ಡರ್ ಹಾಕಿಬಿಡು."

ರಾಮ್‌ಪ್ರಸಾದ್ ಆಯಿತೆಂದು ಫೋನ್ ಇಟ್ಟು ಹೆಂಡತಿಯ ಮುಖ ನೋಡಿದ. "ಹಾಕಲಾ? ಇಬ್ಬರದೂ ಒಂದೇ ಆದರೆ ಒಳ್ಳೆಯದು. ಒಬ್ಬರಿಗೂ ಕೇಳಿಸುವುದಿಲ್ಲ."

ಅವನು ತಮಾಷೆಗೆ ಅಂದದ್ದು. ಅವಳು ನಗದಿದ್ದಾಗ ಅವನ ನಗುವೂ ನಿಂತಿತು.

"ಹಾಕಬೇಡಿ" ಎಂದಳು. "ನಿಮ್ಮ ಫೋನ್ ಕೊಡಿ."

ಚಿಕ್ಕಮ್ಮ ಇನ್ನೂ ಮಾಳಿಗೆಯ ಮೇಲೇ ಇದ್ದಳು. "ಯಾರು, ರಾಜೀನಾ? ಈಗ ಎಷ್ಟ್ ಛಂದ ಕೇಳಿಸ್ತೈತಿ ನೋಡು!"

"ಚಿಕ್ಕಮ್ಮಾ, ನಿನ್ನ ಫೋನ್ ಸರಿ ಇದೆ. ನಂದು ಸರಿ ಇಲ್ಲ. ನೀನು ತಗೋಬೇಡ."

"ಅಯ್ಯ, ಮೋಸ ಹೋದಿ ಏನು? ವಾಪಸ್ ಕೊಟ್ಟುಬಿಡು ಅದನ್ನ."

"ಮೋಸ ಅಲ್ಲ. ಗೊತ್ತಿತ್ತು. ಗೊತ್ತಿದ್ದೇ ತಗೊಂಡೆ."

"ಯಾಕ?"

ಇದಕ್ಕೆ ಅವಳ ಕನ್ನಡ ಸಾಲಲಿಲ್ಲ. ಉಳಿದದ್ದನ್ನು ತೆಲುಗಿನಲ್ಲಿ ಹೇಳಿದಳು. ಏಳೂವರೆ ಆಗುತ್ತಿದ್ದಂತೆ ಫೋನ್ ಎತ್ತಲು ಹೆದರಿಕೆ. ಬಾಯಿ ತೆರೆದರೆ ಸಣ್ಣ ಮಗುವಿನ ಹಾಗೆ ಆಗುತ್ತೇನೆ. ಕರೆ ಕಡಿದುಹೋಗಲಿ ಎಂದೇ ಆ ಫೋನ್ ಆರಿಸಿದೆ. ಈಗ ಸ್ವಲ್ಪ ಹೊತ್ತಿನ ಮುಂಚೆ ಕಡಿದದ್ದು ಸಿಗ್ನಲ್ ಅಲ್ಲ, ನಾನೇ. ಅವಳು ಇದನ್ನೆಲ್ಲ ಹೇಳುವಾಗ ಗಂಡ ಎದುರಿಗೇ ನಿಂತು ಕೇಳುತ್ತಿದ್ದ. ಅವನು ಆಚೆ ಹೋದರೆ ಸಾಕು ಅನ್ನಿಸಿತು, ಅವನು ಹೋಗಲಿಲ್ಲ.

ಆ ಕಡೆಯಿಂದ ಯಾರದೋ ಮನೆಯ ಟೀವಿಯ ಸದ್ದು ಮಾತ್ರ ಬರುತ್ತಿತ್ತು.

"ಹಲೋ?" ಎಂದಳು ರಾಜ್ಯಶ್ರೀ.

"ಕೇಳಿಸ್ತೈತಿ" ಎಂದಳು ಚಿಕ್ಕಮ್ಮ. "ಎಲ್ಲಾ ಕೇಳಿಸ್ತೈತಿ." ಆಮೇಲೆ, "ನಾ ಅಂಗಡಿಯವನಿಗೆ ಸುಮ್ಮನ ಬೈದು ಬಂದೆ ನೋಡು" ಎಂದಳು. ಮತ್ತೆ, "ಕೆಳಗ ಇಳೀತೀನಿ ಇನ್ನ. ಮೆಟ್ಟಲ ಕಾಣವಲ್ವು" ಎಂದು ಫೋನ್ ಇಟ್ಟಳು.

ಮರುದಿನ ಏಳೂವರೆಗೆ ಎಂದಿನಂತೆ ಕರೆ ಬಂತು. ಊಟವಾಯಿತೇ ಎಂದು ಚಿಕ್ಕಮ್ಮ ತೆಲುಗಿನಲ್ಲಿ ಕೇಳಿದಳು.