ಬಿಸಿಲು ಕಂಡ ಮಣ್ಣು

ಜಪಾನಿನ ಬೆಟ್ಟದ ಮಣ್ಣು ಕುವೈತಿನ ವಫ್ರಾದ ತೋಟಕ್ಕೆ ಬಂದದ್ದು ಸೆಪ್ಟೆಂಬರಿನಲ್ಲಿ, ಯಾವ ನಲ್ಲಿ ತಿರುಗಿಸಿದರೂ ಬಿಸಿನೀರೇ ಬರುವ ದಿನಗಳಲ್ಲಿ. ತೋಟದ ಒಡೆಯ ಫಾರಿಸ್ ಹಿಂದಿನ ವರ್ಷ ಜಪಾನಿನ ಉತ್ತರದ ಕಾಡುಬೆಟ್ಟಗಳಲ್ಲಿ ಓಡಾಡಿ ಬಂದಿದ್ದ. ಅಲ್ಲಿ ಯಾವುದೋ ಕಾಲದಲ್ಲಿ ಜ್ವಾಲಾಮುಖಿ ಉಗುಳಿದ ಬೂದಿಯ ಮೇಲೆ ಸಾವಿರಾರು ವರ್ಷ ಹಿಮ ಬಿದ್ದು, ಎಲೆ ಉದುರಿ, ಮತ್ತೆ ಹಿಮ ಬಿದ್ದು, ಕಪ್ಪನೆಯ ಹಗುರ ಮಣ್ಣೊಂದು ಹುಟ್ಟಿತ್ತು. ಕಾಲಿಟ್ಟರೆ ಮೆತ್ತಗೆ ಕುಸಿಯುತ್ತಿತ್ತು, ಎತ್ತಿದರೆ ಮೆಲ್ಲಗೆ ಏಳುತ್ತಿತ್ತು. ಮರಳಿನಲ್ಲಿ ಹುಟ್ಟಿ ಬೆಳೆದವನಿಗೆ ಅದರ ಗುಂಗು ಹಿಡಿಯಿತು. ಊರಿಗೆ ಬಂದವನೇ ಗಾಜಿನ ಮನೆ ಕಟ್ಟಿಸಿದ, ಒಳಗೆ ಚಳಿ ತುಂಬುವ ಯಂತ್ರ ಕೂರಿಸಿದ, ಒಂದು ಇಳಿಜಾರು ಎಬ್ಬಿಸಿದ, ಬೇಕಾದ ಪರವಾನಗಿಗಳನ್ನೆಲ್ಲ ಪಡೆದು ಆ ಮಣ್ಣನ್ನೇ ಹಡಗಿಗೆ ಹಾಕಿಸಿದ. ಇದ್ದವರ ಹುಚ್ಚು ಅಂತ ನಾವು ನಗಬಹುದು. ಆದರೆ ಈ ಕಥೆಯಲ್ಲಿ ಕೆಟ್ಟವನು ಫಾರಿಸ್ ಅಲ್ಲ, ಅದನ್ನು ಮೊದಲೇ ಹೇಳಿಬಿಡುತ್ತೇನೆ.

ಗಾಜಿನ ಮನೆಯ ಉಸ್ತುವಾರಿ ವಿವೇಕನದು. ನವಲಗುಂದದ ಕಡೆಯವನು, ಧಾರವಾಡದಲ್ಲಿ ಕೃಷಿ ಓದಿದವನು. ಹವಲ್ಲಿಯಲ್ಲಿ ಫ್ಲ್ಯಾಟು, ಓಡಾಡಲು ಕಂಪನಿಯ ಕಾರು. ಮೂವತ್ತೆರಡಕ್ಕೇ ಇಷ್ಟಾಗಿದೆಯಲ್ಲ ಎಂದು ಕನ್ನಡಿ ಮುಂದೆ ಸ್ವಲ್ಪ ಹೆಚ್ಚು ಹೊತ್ತೇ ನಿಲ್ಲುವ ಆಸಾಮಿ. ಅವನ ಕೈಕೆಳಗೆ ಭರಮಣ್ಣ. ಅವನೂ ಅದೇ ಎರೆಭೂಮಿಯ ಸೀಮೆಯವನು. ಮೀನಾ ಅಬ್ದುಲ್ಲಾದ ರಿಫೈನರಿಯಲ್ಲಿ ವರ್ಷಗಟ್ಟಲೆ ಕಬ್ಬಿಣ ಹೊತ್ತು, ಸೊಂಟ ಹೋದಮೇಲೆ ಈ ತೋಟ ಸೇರಿದ್ದ. ಅವನಿಗೆ ಬರುತ್ತಿದ್ದದ್ದು ಊರ ಕನ್ನಡ, ಕೂಲಿಗಳ ಹಿಂದಿ, ಯಲ್ಲಾ, ಖಲಾಸ್, ಮಬ್ರೂಕ್ ಎಂಬಂಥ ನಾಲ್ಕಾರು ಅರಬಿ ಮಾತು. ಫಾರಿಸ್‌ಗೆ ಅರಬಿ ಮತ್ತು ಇಂಗ್ಲಿಷ್ ಬಿಟ್ಟರೆ ಬೇರೇನೂ ಬಾರದು. ಒಡೆಯ ಹೇಳಿದ್ದು ಆಳಿಗೆ, ಆಳು ಹೇಳಿದ್ದು ಒಡೆಯನಿಗೆ ಮುಟ್ಟಬೇಕಾದರೆ ವಿವೇಕನ ಬಾಯಿಂದಲೇ ಆಗಬೇಕು. ಭರಮಣ್ಣ ಅವನನ್ನು ಸಾಹೇಬ್ರ ಅನ್ನುತ್ತಿದ್ದ. ವಿವೇಕ ಅವನನ್ನು ಕಾಕಾ ಅನ್ನುತ್ತಿದ್ದ.

ಭರಮಣ್ಣನಿಗೆ ಇದ್ದದ್ದು ಒಂದೇ ಆಸೆ. ಮಗಳು ಸ್ನೇಹಾಳ ಮದುವೆ ನವೆಂಬರಿನ ಕೊನೆಯ ಶುಕ್ರವಾರಕ್ಕೆ ಗೊತ್ತಾಗಿತ್ತು. ಅವಳು ಅಂಗನವಾಡಿಗೆ ಹೋಗುತ್ತಿದ್ದಾಗ ಕುವೈತಿಗೆ ಬಂದವನು. ಅವಳು ಶಾಲೆಗೆ ಸೇರಿದ್ದು, ದೊಡ್ಡವಳಾದದ್ದು, ಪಾಸಾದದ್ದು, ಎಲ್ಲವನ್ನೂ ಫೋನಿನಲ್ಲೇ ಕೇಳಿದ್ದ. "ಅಕ್ಕಿಕಾಳ ಬೀಳೂ ಹೊತ್ತಿಗರ ಮಗಳ ಮಗ್ಗಲದಾಗ ನಿಂದರ್ತೀನ್ರಿ, ಸಾಹೇಬ್ರ. ಅದೊಂದ ಆಗಲಿ" ಎಂದು ಸಿಕ್ಕಾಗಲೆಲ್ಲ ಹೇಳುತ್ತಿದ್ದ. ಫಾರಿಸ್‌ಗೂ ಮಗಳ ಫೋಟೋ ತೋರಿಸಿದ್ದ.

ಮಣ್ಣಿನ ಚೀಲ ಬಿಚ್ಚಿದ ದಿನ ಅಣಬೆಯ ವಾಸನೆ ಗಪ್ಪೆಂದು ಎದ್ದಿತು. ಭರಮಣ್ಣ ಒಂದು ಹಿಡಿ ತೆಗೆದು ಹಿಸುಕಿದರೆ ಬೆರಳ ಸಂದಿಯಿಂದ ನೀರಿಳಿದು ಅಂಗೈಯೆಲ್ಲ ಲೋಳೆಯಾಯಿತು.

"ಸಾಹೇಬ್ರ, ಇದು ಮಣ್ಣೋ, ಅರಿವ್ಯಾಗ ಕಟ್ಟಿಟ್ಟ ಮೊಸರೋ?"

"ಬೂಸರು ಬಂದೈತಿ, ಕಾಕಾ. ಹುಳಾನೂ ಇರ್ತಾವು. ಹೊರಗ ಹರವಿಬಿಡ್ರಿ. ನಮ್ಮ ಹೊಲ ಬ್ಯಾಸಗ್ಯಾಗ ಕಾಯೂದಿಲ್ಲೇನು, ಹಂಗ ಒಂದ್ ವಾರ ಕಾಯ್ಲಿ."

"ಚೀಲದ ಮ್ಯಾಲ ಕೆಂಪ ಅಕ್ಷರದಾಗ ಏನೋ ಬರದಾರಲ್ರಿ?"

"ಒಣಗಾಕ ಬಿಡಬ್ಯಾಡ್ರಿ ಅಂತ ಬರದಾರ. ಅಂಗಡಿ ಮಂದಿ ಏನರ ಒಂದ್ ಬರದ ಬರೀತಾರ, ಬಿಡ್ರಿ."

"ಅದೂ ಖರೇನ. ಬಿಸಲ ಬಿದ್ರ ಮಣ್ಣ ಹಸನಾಕ್ಕೈತ್ರಿ" ಅಂದ ಭರಮಣ್ಣ, ಕಣ್ಣರಳಿಸಿ.

ಎರೆಭೂಮಿಯ ಜನಕ್ಕೆ ಇದನ್ನು ಯಾರೂ ಕಲಿಸಬೇಕಾಗಿಲ್ಲ. ಸುಗ್ಗಿ ಮುಗಿದೊಡನೆ ಹೊಲ ಉತ್ತು, ಬೇಸಿಗೆಯಿಡೀ ಬಾಯಿಬಿಟ್ಟು ಬಿರಿಯಲು ಬಿಡುತ್ತಾರೆ. ಹುಳ ಸಾಯುತ್ತದೆ, ಕಸ ಸಾಯುತ್ತದೆ, ಮೊದಲ ಮಳೆಗೆ ನೆಲ ಗಟಗಟನೆ ನೀರು ಕುಡಿದು ಮತ್ತೆ ಹೊಸದಾಗುತ್ತದೆ. ಭರಮಣ್ಣ ಕಣದಲ್ಲಿ ಜೋಳ ಹರವಿದಂತೆ ಆ ಬೆಟ್ಟದ ಮಣ್ಣನ್ನು ಕುವೈತಿನ ಬಿಸಿಲಿಗೆ ಹರವಿದ. ದಿನಕ್ಕೆರಡು ಸಲ ಕೈಯಾಡಿಸಿ ತಿರುವಿ ಹಾಕಿದ. ಹುಟ್ಟಿದಾಗಿನಿಂದ ಒಮ್ಮೆಯೂ ಒಣಗದ ಮಣ್ಣು ವಾರದೊಳಗೆ ಚಹಾಪುಡಿಯಂತಾಯಿತು. ಇಬ್ಬರಿಗೂ ಖುಷಿಯಾಯಿತು.

ಇಳಿಜಾರಿಗೆ ಅದನ್ನು ಸುರಿದು, ಫರ್ ಸಸಿಗಳನ್ನೂ ಪಾಚಿಯನ್ನೂ ನೆಟ್ಟು ನೀರು ಬಿಟ್ಟರು. ನೀರು ಉರುಳಿ ಉರುಳಿ ಕೆಳಗೆ ಹೋಗಿ ನಿಂತಿತು. ಮಣ್ಣಿನ ಕಾಳು ಅದರ ಮೇಲೆ ತೇಲಿದವು. ಎಷ್ಟು ಬಿಟ್ಟರೂ ಅಷ್ಟೇ. ಸಸಿಗಳು ಬುಡದಿಂದ ಹಳದಿಯಾಗುತ್ತ ಬಂದವು. ಫಾರಿಸ್ ಜಪಾನಿನ ಮಣ್ಣಿನ ತಜ್ಞರೊಬ್ಬರಿಗೆ ಫೋನು ಹಚ್ಚಿದ. ಅವರು ಕೇಳಿದ್ದು ಒಂದೇ ಮಾತು, ಒಣಗಿಸಿದ್ದೀರಾ ಅಂತ. ಆ ಮಣ್ಣು ಪೂರಾ ಒಣಗಿತೆಂದರೆ ಮತ್ತೆ ಮೊದಲಿನಂತೆ ನೀರು ಹಿಡಿಯುವುದಿಲ್ಲ, ಏನು ಮಾಡಿದರೂ ಇಲ್ಲ ಎಂದರು.

ಫಾರಿಸ್ ವಿವೇಕನನ್ನು ಕರೆದು ಕೇಳಿದ. "ಬಿಸಿಲಿಗೆ ಹಾಕಿದ್ದು ಯಾರು?"

ಚೀಲದ ಕೆಂಪು ಅಕ್ಷರ ಓದಿದವನು ವಿವೇಕನೊಬ್ಬನೇ. "ಭರಮಣ್ಣ, ಸರ್. ನನ್ನನ್ನು ಕೇಳದೆ ಹಾಕಿಬಿಟ್ಟಿದ್ದಾನೆ. ಅವರ ಊರಲ್ಲಿ ಹಾಗೆ ಮಾಡುತ್ತಾರಂತೆ."

ಅವರ ಊರಂತೆ. ತನ್ನೂರಿನಿಂದ ಕೂಗಳತೆಯ ಊರು.

ಫಾರಿಸ್ ನಕ್ಕ. "ತನ್ನ ನೆಲವೆಂದು ತಿಳಿದು ಮಾಡಿದ್ದಾನೆ, ಪಾಪ. ಮಣ್ಣು ಹೋಯಿತು, ವಸಂತಕ್ಕೆ ಬೇರೆ ತರಿಸೋಣ. ಅವನ ಮಗಳ ಮದುವೆ ಹತ್ತಿರ ಬಂತಲ್ಲ? ಕಳಿಸಿಬಿಡು. ಹೋಗುವ ಮುಂಚೆ ಒಮ್ಮೆ ನನ್ನ ದಿವಾನಿಯಾದ ಬೈಠಕ್ಕಿಗೆ ಕರೆದುಕೊಂಡು ಬಾ, ನನ್ನ ಗೆಳೆಯರೂ ಇರುತ್ತಾರೆ. ಹಿಂದಿ ಬಲ್ಲವರಿದ್ದಾರೆ. ಅವನ ಊರಿನಲ್ಲಿ ನೆಲವನ್ನು ಹೇಗೆ ನೋಡಿಕೊಳ್ಳುತ್ತಾರೆಂದು ಅವನ ಬಾಯಲ್ಲೇ ಕೇಳಬೇಕು."

ಹಿಂದಿ ಬಲ್ಲವರು. ಅಂದರೆ ವಿವೇಕನ ಬಾಯಿ ಬೇಕಿಲ್ಲದವರು. ಭರಮಣ್ಣನಿಗೆ ಮುಚ್ಚಿಡಲು ಬರುವುದಿಲ್ಲ. ಚಹಾ ಕೊಟ್ಟು ಕೂರಿಸಿದರೆ, ಸಾಹೇಬ್ರ ಹರವು ಅಂದ್ರು, ನಾ ಹರವಿದೆ ಎಂದು ನಗುನಗುತ್ತ ಹೇಳಿಬಿಡುವ ಮನುಷ್ಯ. ಸುಳ್ಳು ಬಯಲಾದರೆ ಕೆಲಸ ಹೋಗುತ್ತದೆ, ಕಾರು ಹೋಗುತ್ತದೆ, ಹವಲ್ಲಿಯ ಫ್ಲ್ಯಾಟು ಹೋಗುತ್ತದೆ. ತೋಟಕ್ಕೆ ಬರುವಷ್ಟು ದಾರಿಯಲ್ಲಿ ವಿವೇಕ ಎರಡನೆಯ ಸುಳ್ಳನ್ನು ಕಟ್ಟಿ ಮುಗಿಸಿದ್ದ.

"ಕಾಕಾ, ಅರಬ ಉರದ ಬಿದ್ದಾನ" ಅಂದ. "ಮಣ್ಣ ಮೊದಲಿನಂಗ ನೀರ ಕುಡಿಯೂತನಕ ಊರಿಗೆ ಬಿಡೂದಿಲ್ಲಂತ. ನಾ ಕೈ ಮುಗದ ಹೇಳಿದೆ, ಕೇಳವಲ್ಲ. ಅವನ ಕಣ್ಣಿಗೆ ಬೀಳಬ್ಯಾಡ್ರಿ."

ಭರಮಣ್ಣ ಇಳಿಜಾರಿನ ಅಂಚಿಗೆ ಕುಕ್ಕರಿಸಿದ. "ನಿಮ್ಮ ಹೆಸರ ಹೇಳಿಲ್ಲಲ್ರಿ?" ಎಂದು ಕೇಳಿದ. "ಹೇಳಬ್ಯಾಡ್ರಿ. ಕೈಯಾರೆ ಹರವಿದಾಂವ ನಾನು. ನೀವಿನ್ನೂ ಬೆಳಿಯೂ ಹುಡುಗ್ರು."

ಯಾರಿಗಾದರೂ ಕರುಳು ಚುರ್ ಅನ್ನಬೇಕಾದ ಮಾತು. ವಿವೇಕನಿಗೂ ಅಂದಿತು. ಆದರೆ ಅದಕ್ಕಿಂತ ಮೊದಲು ಅನಿಸಿದ್ದು, ಸದ್ಯ ಬಚಾವಾದೆ ಅಂತ. ಫಾರಿಸ್ ಮುಂದೆ ಹೋಗಿ, "ಅವನಿಗೆ ನಾಚಿಕೆಯಾಗಿದೆ ಸರ್. ಮಣ್ಣು ಸರಿಯಾಗುವ ತನಕ ಮುಖ ತೋರಿಸುವುದಿಲ್ಲ, ಊರಿಗೂ ಹೋಗುವುದಿಲ್ಲ ಅಂತ ಹಟ ಹಿಡಿದಿದ್ದಾನೆ" ಅಂದ. ಫಾರಿಸ್ ಬೇಸರದಿಂದ ತಲೆಯಾಡಿಸಿದ. ಹಟ ತಾನಾಗಿ ಇಳಿಯಲಿ, ಒತ್ತಾಯ ಮಾಡಬೇಡ ಎಂದ.

ಅಂದಿನಿಂದ ಭರಮಣ್ಣ ಆ ಸತ್ತ ಮಣ್ಣಿನ ಹಿಂದೆ ಬಿದ್ದ. ಬೆಳಗಿನಿಂದ ಸಂಜೆಯ ತನಕ ನೀರು ಹನಿಸುವುದು, ಕೈಯಲ್ಲಿ ನಾದುವುದು, ಒದ್ದೆ ಗೋಣಿತಟ್ಟು ಹೊದಿಸಿ ಕಾಯುವುದು. ಗಾಜಿನ ಮನೆಯ ಚಳಿಗೆ ಅವನ ಬೆರಳು ಒಡೆದವು, ಸೊಂಟ ಸೆಟೆದುಕೊಂಡಿತು. "ಇವತ್ತ ಒಂದ್ ಬೆರಳ ಇಳದೈತ್ರಿ" ಎಂದು ವರದಿ ಒಪ್ಪಿಸುತ್ತಿದ್ದ. ಕಾಳುಗಳ ಸಂದಿಯಲ್ಲಿ ನೀರು ನಿಂತಿದೆಯೇ ಹೊರತು ಮಣ್ಣು ಕುಡಿದಿಲ್ಲವೆಂದು ವಿವೇಕನಿಗೆ ಗೊತ್ತು. "ಇನ್ನೂ ಇಳೀಬೇಕು, ಕಾಕಾ" ಅನ್ನುತ್ತಿದ್ದ.

ದುಡಿಯಲು ಬಂದವರು ಕುವೈತಿನಿಂದ ಹೊರಗೆ ಕಾಲಿಡಬೇಕಾದರೆ ಈಗ ಕಂಪನಿಯವರು ಮೊಬೈಲಿನಲ್ಲಿ ಎಕ್ಸಿಟ್ ಪರ್ಮಿಟ್‌ಗೆ ಒಪ್ಪಿಗೆ ಕೊಡಬೇಕು. ಆ ಕೆಲಸ ಇದ್ದದ್ದು ವಿವೇಕನ ಕೈಯಲ್ಲೇ. ಮದುವೆಗೆ ಮೂರು ದಿನವಿದ್ದಾಗ ಫಾರಿಸ್ ಚಳಿಗಾಲದ ವಾಡಿಕೆಯಂತೆ ಮರುಭೂಮಿಯಲ್ಲಿ ಡೇರೆ ಹಾಕಿಕೊಂಡು ಕೂತಿದ್ದ. ಭರಮಣ್ಣನನ್ನು ಸದ್ದಿಲ್ಲದೆ ವಿಮಾನ ಹತ್ತಿಸಲು ಅದಕ್ಕಿಂತ ಒಳ್ಳೆಯ ಹೊತ್ತಿಲ್ಲ. ವಿವೇಕ ಫೋನು ತೆಗೆದು ಭರಮಣ್ಣನ ಹೆಸರಿನ ತನಕ ಹೋದ. ಹೋದವನು ನಾಳೆ ಹಿಂದಿರುಗುತ್ತಾನಲ್ಲ, ಒಡೆಯನಿಗೆಂದು ಕರದಂಟು ತರುತ್ತಾನಲ್ಲ, ತಾನೇ ಹೋಗಿ ಕೊಡುತ್ತೇನೆ ಅನ್ನುತ್ತಾನಲ್ಲ ಎಂಬ ಯೋಚನೆ ಬಂತು. ಫೋನು ಕಿಸೆಗೆ ಇಳಿಯಿತು. ಇಷ್ಟೇ ಆಗಿದ್ದರೆ ಹೆದರಿಕೆಯೆಂದು ಬಿಡಬಹುದಿತ್ತು. ಬೇಡಿಕೊಳ್ಳುವವನ ಮುಂದೆ ದೊಡ್ಡವನಾಗಿ ನಿಲ್ಲುವ ರುಚಿಯೂ ಅವನಿಗೆ ಹತ್ತಿತ್ತು.

ಅಂದು ಸಂಜೆ ಭರಮಣ್ಣನ ಹೆಂಡತಿ ಅನ್ನಪೂರ್ಣೆವ್ವ ಊರಿನಿಂದ ವಿವೇಕನಿಗೇ ಫೋನು ಮಾಡಿದಳು. "ತಮ್ಮಾ, ನಿಮಗ ಅಕ್ಕತಂಗ್ಯಾರ ಇರಬೇಕಲ್ಲ. ಒಂದ್ ಎರಡ ದಿನಕ್ಕರ ಕಳಸಾಕ ಹೇಳ್ರಿ ಮಾಲಕರಿಗೆ. ಹುಡುಗಿ ಉಣ್ಣವಲ್ದು."

"ಹೇಳಾಕತ್ತೀನ್ರಿ, ಅಕ್ಕಾರ. ನನ್ನ ಕೈಯಾಗೇನೈತಿ?" ಅಂದ ವಿವೇಕ. ಫೋನು ಇಟ್ಟು ಊಟ ಮಾಡಿದ. ಊಟ ಸೇರಿತು ಕೂಡ.

ಶುಕ್ರವಾರ ಬೆಳಗ್ಗೆ ಫಾರಿಸ್ ಡೇರೆಯಿಂದ ನೇರವಾಗಿ ತೋಟಕ್ಕೆ ಬಂದ. ಮದುವೆಯ ದಿನ ಮರೆತಿರಲಿಲ್ಲ. ಕೈಯಲ್ಲಿ ಬೆಳ್ಳಿಬಣ್ಣದ ಕಾಗದ ಸುತ್ತಿದ ಖರ್ಜೂರದ ಪೆಟ್ಟಿಗೆ. ಮಾತಿಗೆ ಬೇಕೆಂದು ವಿವೇಕನನ್ನೂ ಕರೆಸಿಕೊಂಡಿದ್ದ. ಒಳಗೆ ಭರಮಣ್ಣ ಇಸ್ತ್ರಿ ಮಾಡಿದ ಬಿಳಿ ಅಂಗಿ ತೊಟ್ಟು, ಫೋನನ್ನು ಕುಂಡವೊಂದಕ್ಕೆ ಆನಿಸಿಟ್ಟು, ಅದರ ಮುಂದೆ ನಿಂತಿದ್ದ. ಫೋನಿನಲ್ಲಿ ವಾಲಗ ಜೋರಾಗಿತ್ತು. ಚಪ್ಪರದಲ್ಲಿ ಅವನ ಜಾಗಕ್ಕೆ ಅವನ ತಮ್ಮ ನಿಂತಿದ್ದ. ಅಕ್ಕಿಕಾಳು ಆಗಲೇ ಬಿದ್ದಾಗಿತ್ತು. ಭರಮಣ್ಣನ ಕೈಯಲ್ಲೂ ಒಂದಿಷ್ಟು ಅಕ್ಕಿ ಇದ್ದಿರಬೇಕು, ಕಾಲ ಬಳಿಯ ಮಣ್ಣಿನ ಮೇಲೆ ಬೆಳ್ಳಗೆ ಚೆಲ್ಲಿತ್ತು.

"ಮಬ್ರೂಕ್" ಎಂದು ಫಾರಿಸ್ ಕೈ ಚಾಚಿದ. ಆಮೇಲೆ ವಿವೇಕನ ಕಡೆ ತಿರುಗಿದ. "ಅವನಿಗೆ ಹೇಳು. ಮಗಳಿಗೆ ಒಳ್ಳೆಯದಾಗಲಿ. ಮಣ್ಣಿನ ಚಿಂತೆ ಬಿಡಲಿ. ಇವತ್ತೇ ಬೇಕಾದರೂ ಊರಿಗೆ ಹೋಗಿ ಅವಳನ್ನು ನೋಡಿಕೊಂಡು ಬರಲಿ."

ಮಬ್ರೂಕ್ ಅಂದರೆ ಶುಭವಾಗಲಿ ಎಂದು ಭರಮಣ್ಣನಿಗೆ ಗೊತ್ತು. ಸಿಟ್ಟಾಗಿದ್ದ ಒಡೆಯ ಇದೇನು ಹೀಗೆ ಎಂದು ಗಲಿಬಿಲಿಯಾಗಿ ವಿವೇಕನ ಮುಖ ನೋಡಿದ. ಅವನ ಬಲಗೈ ಅರ್ಧ ಎದ್ದಿತ್ತು.

ಆಗಲೂ ಹೊತ್ತು ಮೀರಿರಲಿಲ್ಲ. ಮದುವೆ ತಪ್ಪಿದರೂ ಮಗಳ ಮುಖ ಸಿಗುತ್ತಿತ್ತು.

"ನಿಮ್ಮನ್ನ ಆಡಿಕೊಳ್ಳಾಕ ಬಂದಾನ, ಕಾಕಾ" ಅಂದ ವಿವೇಕ, ನಗುಮುಖ ಮಾಡಿಕೊಂಡೇ. "ಮಣ್ಣ ಕೆಡಿಸಿದಾಂವಗ ಮದಿವಿ ಬ್ಯಾರೆ ಕೇಡು ಅಂತಾನ. ಕೈ ಕೊಡಬ್ಯಾಡ್ರಿ, ಡಬ್ಬಿ ಮುಟ್ಟಬ್ಯಾಡ್ರಿ. ತಲಿ ತಗ್ಗಿಸಿ ನಿಂದರ್ರಿ."

ಭರಮಣ್ಣನ ಕೈ ಕೆಳಗಿಳಿಯಿತು. ಎರಡೂ ಕೈಯನ್ನು ಬೆನ್ನ ಹಿಂದೆ ಕಟ್ಟಿ, ತಲೆ ತಗ್ಗಿಸಿ, ಒಂದು ಹೆಜ್ಜೆ ಹಿಂದೆ ಸರಿದ. ಫಾರಿಸ್‌ನ ಚಾಚಿದ ಕೈ ಗಾಳಿಯಲ್ಲೇ ಉಳಿಯಿತು.

"ಯಾಕೆ?" ಎಂದು ಕೇಳಿದ.

"ಹೋಗುವುದಿಲ್ಲ ಅಂತಾನೆ ಸರ್. ಉಡುಗೊರೆಯೂ ಬೇಡವಂತೆ."

ಫಾರಿಸ್‌ನ ಮುಖ ಸಣ್ಣದಾಯಿತು. ಪೆಟ್ಟಿಗೆಯನ್ನು ಇಳಿಜಾರಿನ ಅಂಚಿಗಿಟ್ಟು, "ಖಲಾಸ್" ಎಂದು ಮೆಲ್ಲಗೆ ಅಂದು ಹೊರಟುಹೋದ. ಇನ್ನು ಮುಂದೆ ಅವನು ಭರಮಣ್ಣನ ವಿಷಯ ಎತ್ತುವುದಿಲ್ಲವೆಂದು ವಿವೇಕನಿಗೆ ತಿಳಿಯಿತು. ಸಮಾಧಾನವಾಯಿತು.

ಅಷ್ಟರಲ್ಲಿ ಫೋನಿನಲ್ಲಿ ವಾಲಗ ನಿಂತು ಮಗಳ ಮುಖ ಹತ್ತಿರ ಬಂತು. ಬಾಸಿಂಗ ಸ್ವಲ್ಪ ವಾರೆಯಾಗಿತ್ತು. ಹಿಂದೆ ಬೀಗರು ಇಣುಕುತ್ತಿದ್ದರು.

"ಅಪ್ಪಾ, ಈಗ ಬಂದಿದ್ರಲ್ಲ, ಅವರ ನಿಮ್ಮ ಮಾಲಕರೇನು? ಏನಂದ್ರು?"

ಭರಮಣ್ಣ ಒಮ್ಮೆ ವಿವೇಕನ ಕಡೆ ನೋಡಿದ. ಆಮೇಲೆ ಅಂಗಿಯ ತೋಳಿನಿಂದ ಮುಖ ಒರೆಸಿ, ಬೀಗರಿಗೂ ಕೇಳಲೆಂದು ದನಿ ಎತ್ತರಿಸಿದ.

"ಹೌದವ್ವಾ, ಅವರ. ನಿನಗ ಆಶೀರ್ವಾದ ಮಾಡಾಕಂತನ ಬಂದಿದ್ರು. ಒಳ್ಳೇದಾಗಲಿ ಅಂದ್ರು. ಮಿಠಾಯಿ ಡಬ್ಬಿ ತಂದಾರ, ನೋಡಿಲ್ಲೆ. ಇವತ್ತ ಊರಿಗೆ ಹೋಗು, ಮಗಳನ್ನ ನೋಡ್ಕೊಂಡ ಬಾ ಅಂತ ಭಾಳ ಹೇಳಿದ್ರು. ನಾನ ಬ್ಯಾಡ ಅಂದೆ. ಇಲ್ಲಿ ನಾ ಇಲ್ಲಂದ್ರ ನಡಿಯೂದಿಲ್ಲವ್ವಾ. ಭಾಳ ದೊಡ್ಡ ಮನಷ್ಯಾ."

ಬೀಗರು ಭಲೆ ಎಂದು ತಲೆದೂಗಿದರು. ಮಗಳು ನಗುತ್ತ, ಅಳುತ್ತ ಕೈ ಬೀಸಿದಳು. ವಿವೇಕನಿಗೆ ಮೈಯೆಲ್ಲ ಹೇಸಿಗೆ ಬಳಿದಂತೆನಿಸಿತು. ಹೇಳಿಬಿಡಲೇ ಅನ್ನಿಸಿತು.

ಭರಮಣ್ಣ ಫೋನು ಆರಿಸಿ, ತಲೆ ತಗ್ಗಿಸಿಕೊಂಡೇ ಹತ್ತಿರ ಬಂದ.

"ಮಗಳ ಮುಂದ ಇಷ್ಟ ದೊಡ್ಡ ಸುಳ್ಳ ಹೇಳಿದೆ, ಸಾಹೇಬ್ರ. ಇವತ್ತ ಒಂದಿನ ಅಕಿ ನಕ್ಕೋತ ಇರ್ಲಿ ಅಂತ. ಅರಬನ ಮುಂದ ಮಾತ್ರ ಇದನ್ನ ಹೇಳಬ್ಯಾಡ್ರಿ."

"ಹೇಳೂದಿಲ್ಲ, ಕಾಕಾ" ಅಂದ ವಿವೇಕ.

ಆ ಮಾತನ್ನು ಅವನು ಉಳಿಸಿಕೊಂಡ.