ಪಾಷಾ ಬೇಕರಿಯ ಒಲೆ ಮತ್ತು ನಾಲ್ಕನೆಯ ನಿರ್ಣಯ

ಎಪ್ಪತ್ತೊಂದರ ಡಿಸೆಂಬರಿನಲ್ಲಿ ಯುದ್ಧ ಶುರುವಾದ ಮೂರನೆಯ ದಿನಕ್ಕೆ ತುಮಕೂರಿನ ಪಾಷಾ ಬೇಕರಿಯ ಬೀದಿಯಲ್ಲಿ ನಾಗರಿಕ ರಕ್ಷಣಾ ಸಮಿತಿ ಹುಟ್ಟಿಕೊಂಡಿತು. ಹುಟ್ಟಿಸಿ ಅಧ್ಯಕ್ಷರಾದವರು ಲಕ್ಷ್ಮೀನರಸಿಂಹಯ್ಯನವರು. ಶಿರಸ್ತೇದಾರರಾಗಿದ್ದು ನಿವೃತ್ತರಾದ ಮೇಲೆ ಸಹಿ ಹಾಕಲು ಒಂದು ಕಾಗದವೂ ಸಿಗದೆ ಅವರು ವರ್ಷವಿಡೀ ಒದ್ದಾಡಿದ್ದರು. ಅವರ ಕಷ್ಟ ನೋಡಲಾರದೆಯೇ ಶತ್ರು ಯುದ್ಧ ಹೂಡಿದನೇನೋ ಎನ್ನುವ ಹಾಗೆ ಈಗ ಮುಖದಲ್ಲಿ ಕಳೆ ಬಂದಿತ್ತು. ಗುಬ್ಬಿಯವರು ಆಗಲೇ ಸಮಿತಿ ಮಾಡಿಕೊಂಡಿದ್ದಾರೆ, ಕೈಯಲ್ಲಿ ತಿರುಗಿಸುವ ಸೈರನ್ ಕೂಡ ತಂದಿದ್ದಾರೆ ಎಂಬ ಸುದ್ದಿ ಕೇಳಿದ ದಿನ ಮಾತ್ರ ಅವರಿಗೆ ಊಟ ಸೇರಲಿಲ್ಲ.

ಶತ್ರುವಿನ ವಿಮಾನಕ್ಕೆ ಇಷ್ಟು ದೂರ ಬಂದು ವಾಪಸು ಹೋಗುವಷ್ಟು ಪೆಟ್ರೋಲು ಎಲ್ಲಿಂದ ಬರುತ್ತದೆ ಎಂದು ಯಾರೂ ಕೇಳಲಿಲ್ಲ. "ಅವನ ಕಣ್ಣಿರೋದು ಕುಣಿಗಲ್ ಕುದುರೆ ಫಾರಂ ಮೇಲೆ," ಎಂದರು ಒಬ್ಬರು. "ಕುದುರೆಗೆ ಅಂತ ಬಂದೋನು ದಾರೀಲಿ ನಮ್ಮನ್ನ ಬಿಟ್ಟಾನೇನ್ರೀ?" ಎಂದರು ಇನ್ನೊಬ್ಬರು. ತಮ್ಮ ಬೀದಿಯನ್ನೂ ಶತ್ರು ಲೆಕ್ಕಕ್ಕೆ ತೆಗೆದುಕೊಂಡಿದ್ದಾನೆ ಎಂಬುದರಲ್ಲಿ ಭಯಕ್ಕಿಂತ ಹೆಮ್ಮೆಯೇ ಹೆಚ್ಚಿತ್ತು.

ವಾಯುದಾಳಿ ಎಂದರೇನು ಎಂದು ಜನಕ್ಕೆ ತಿಳಿಸಿ ಹೇಳಲು ಸಮಿತಿಯವರು ಹೆಣ್ಣುಮಕ್ಕಳ ಹೈಸ್ಕೂಲಿನ ಚರಿತ್ರೆಯ ಟೀಚರ್ ಅಲಮೇಲಮ್ಮನವರನ್ನು ಕರೆದರು. ಅಲಮೇಲಮ್ಮ ಎರಡು ದಿನ ಲೈಬ್ರರಿಯಲ್ಲಿ ಕೂತು ಟಿಪ್ಪಣಿ ಮಾಡಿಕೊಂಡರು. ಬುಧವಾರ ಸಂಜೆ ನಾಲ್ಕಕ್ಕೆ ಭಜನೆ ಮಂದಿರದಲ್ಲಿ ಉಪನ್ಯಾಸ. ಸಮಿತಿಯ ಆಳು ಚಿಕ್ಕಬೋರಯ್ಯ, ಬಿಸಿಲು ಅವರ ಕಣ್ಣಿಗೆ ಹೊಡೆಯುತ್ತಿದ್ದುದನ್ನು ಕಂಡು, ಯಾರೂ ಹೇಳದೆಯೇ ಕಿಟಕಿಗೆ ತನ್ನ ಟವೆಲು ಕಟ್ಟಿದ. ಅಲ್ಲಿದ್ದ ಮೂವತ್ತು ಜನರಲ್ಲಿ ಅದು ಹೊಳೆದದ್ದು ಅವನೊಬ್ಬನಿಗೆ.

ಅಲಮೇಲಮ್ಮ ಮೊದಲನೆಯ ಮಹಾಯುದ್ಧದಿಂದ ಶುರುಮಾಡಿದರು. ಜರ್ಮನರ ವಾಯುನೌಕೆಗಳು ಮೈದಾನದಷ್ಟು ಉದ್ದದ ಅನಿಲದ ಚೀಲಗಳಾಗಿದ್ದವು. ಅವು ಕತ್ತಲಲ್ಲಿ ತೇಲಿಬಂದು ಇಂಗ್ಲೆಂಡಿನಲ್ಲಿ ಮಲಗಿದ್ದವರ ಮೇಲೆ ಬಾಂಬು ಹಾಕಿದವು. ಆಮೇಲೆ ವಿಮಾನಗಳು ಬಂದವು. ಮಕ್ಕಳು, ಮುದುಕರು ಸತ್ತರು.

"ಮೇಡಂ," ಎಂದು ಕೈಯೆತ್ತಿದರು ಕಾರ್ಯದರ್ಶಿ ಅನಂತರಾಮಯ್ಯ, "ಅಷ್ಟು ದೊಡ್ಡದು ನಮ್ಮ ಕಡೆಗೆ ಬಂದ್ರೆ ದೇವರಾಯನದುರ್ಗದ ಬೆಟ್ಟಕ್ಕೆ ತಗಲೋದಿಲ್ವೆ?"

"ಈಗ ಅವು ಇಲ್ಲ, ಅನಂತರಾಮಯ್ಯನೋರೆ. ನಿಂತುಹೋಗಿ ಎಷ್ಟೋ ಕಾಲ ಆಯ್ತು."

"ಆದ್ರೂ ಬೆಟ್ಟ ಇರೋದು ಒಳ್ಳೇದೇ," ಎಂದು ಅನಂತರಾಮಯ್ಯ ಬರೆದುಕೊಂಡರು.

ಕೊನೆಗೆ ಅಲಮೇಲಮ್ಮ ತಾವು ಮುಖ್ಯವೆಂದು ಇಟ್ಟುಕೊಂಡಿದ್ದ ಮಾತಿಗೆ ಬಂದರು. ಬಾಂಬು ಬೀಳದ ಬೀದಿಗಳಲ್ಲೂ ಗಾಜು ಒಡೆದವು. ವಾಯುನೌಕೆಗೆ ಯಾರೋ ಬೆಳಕು ತೋರಿಸಿ ಕರೆಯುತ್ತಿದ್ದಾರೆ ಎಂಬ ಗಾಳಿಮಾತು ಹಬ್ಬಿತ್ತು. ಜರ್ಮನ್ ಹೆಸರಿನ ಬೇಕರಿಯವರ, ಮಾಂಸದಂಗಡಿಯವರ ಮೇಲೆ ನೆರೆಯವರೇ ಬಿದ್ದರು. ಅವರಲ್ಲಿ ಎಷ್ಟೋ ಜನ ಆ ಊರಲ್ಲೇ ಹುಟ್ಟಿದವರು. "ಇದು ನಾಚಿಕೆಗೇಡು. ನಮ್ಮಲ್ಲಿ ಹೀಗಾಗಬಾರದು," ಎಂದು ಹೇಳಿ ಕುಳಿತರು. ಚಪ್ಪಾಳೆ ಬಿತ್ತು. ಬಿಸಿ ಕಾಫಿ ಬಂತು. ಅದರ ಜೊತೆಗೇ ಅನಂತರಾಮಯ್ಯ ನಡಾವಳಿ ಪುಸ್ತಕ ಹಿಡಿದು ಬಂದರು. "ಓದಿ ಸರಿಯೆಂದು ಒಪ್ಪಿದ್ದೇನೆ" ಎಂಬ ಸಾಲಿನ ಕೆಳಗೆ, ಲೋಟ ಒಂದು ಕೈಯಲ್ಲಿ, ಪೆನ್ನು ಇನ್ನೊಂದರಲ್ಲಿ, ಅಲಮೇಲಮ್ಮ ಓದದೆ ಸಹಿ ಮಾಡಿದರು.

ಮರುದಿನ ಬೆಳಗ್ಗೆ ಅಲಮೇಲಮ್ಮನ ಮನೆ ಬಾಗಿಲಲ್ಲಿ ಬೇಕರಿಯ ಸರ್ದಾರ್ ಪಾಷಾ ನಿಂತಿದ್ದ. ಅವರ ತಾಯಿಗೆ ಟೈಫಾಯಿಡ್ ಆಗಿದ್ದಾಗ ತಿಂಗಳುಗಟ್ಟಲೆ, ಹಲ್ಲಿಲ್ಲದವರಿಗೆಂದು ಅಂಚು ಕತ್ತರಿಸಿದ ಬ್ರೆಡ್ಡು ಕಳಿಸಿದವನು ಅವನು. ಈಗ ಕೈಯಲ್ಲಿ ಸಮಿತಿ ಕಳಿಸಿದ ಒಂದು ಕಾಗದವಿತ್ತು.

"ಅಮ್ಮಾ, ಇದನ್ನ ನೀವು ಹೇಳಿದ್ರಾ?"

ಅಲಮೇಲಮ್ಮ ಓದಿದರು. ನಾಲ್ಕನೆಯ ನಿರ್ಣಯ: ಉಪನ್ಯಾಸಕಿಯವರು ಲಂಡನ್ನಿನ ಅನುಭವದಿಂದ ತಿಳಿಸಿದಂತೆ, ಬೇಕರಿಯವರಿಂದ ಶತ್ರುವಿಗೆ ಬೆಳಕಿನ ಸನ್ನೆ ಹೋಗುವ ಸಂಭವವಿರುವುದರಿಂದ, ಸರ್ದಾರ್ ಪಾಷಾ ಎಂಬುವರ ಬೇಕರಿಯ ಒಲೆಯನ್ನು ಗುರುವಾರ ಹನ್ನೊಂದು ಗಂಟೆಗೆ ನೀರು ಸುರಿದು ಆರಿಸತಕ್ಕದ್ದು.

ಬೀದಿಯ ಆ ತುದಿಯಲ್ಲಿ ಅಯ್ಯಂಗಾರ್ ಬೇಕರಿಯೂ ಇತ್ತು. ಅದರ ಚಿಮಣಿ ಇವನದಕ್ಕಿಂತ ಒಂದಾಳು ಎತ್ತರ. ನಿರ್ಣಯದಲ್ಲಿ ಅದರ ಸುದ್ದಿಯೇ ಇರಲಿಲ್ಲ.

"ನಾನು ಹೇಳಿದ್ದು ಹೀಗಲ್ಲ, ಪಾಷಾ. ಆದರೆ ಸಹಿ ನಂದೇ," ಎಂದರು ಅಲಮೇಲಮ್ಮ.

"ಬೇಕಿದ್ರೆ ಗೋಣೀತಾಟು ಕಟ್ಟಿ ಬೆಳಕು ಮುಚ್ತೀನಿ. ಕಾದ ಒಲೆಗೆ ತಣ್ಣೀರು ಬಿದ್ರೆ ಇಟ್ಟಿಗೆ ಸೀಳಿಹೋಗ್ತವೆ ಅಮ್ಮಾ. ನಮ್ಮಪ್ಪ ಕಟ್ಟಿದ್ ಒಲೆ ಅದು. ಇನ್ನೊಂದು ಕಟ್ಟೋ ಶಕ್ತಿ ನನಗಿಲ್ಲ."

ಅಲಮೇಲಮ್ಮ ಸ್ಕೂಲಿಗೆ ರಜಾ ಚೀಟಿ ಕಳಿಸಿ ನೇರ ಬೇಕರಿಗೆ ಹೋದರು.

ಹನ್ನೊಂದಕ್ಕೆ ಸರಿಯಾಗಿ ಸಮಿತಿ ಬಂತು. ಮುಂದೆ ಲಕ್ಷ್ಮೀನರಸಿಂಹಯ್ಯ, ಹಿಂದೆ ಪುಸ್ತಕ ಹಿಡಿದ ಅನಂತರಾಮಯ್ಯ, ಮತ್ತೆ ನಾಲ್ವರು ಸದಸ್ಯರು, ಕಡೆಯಲ್ಲಿ ಅಡ್ಡೆ ಹೊತ್ತು ಎರಡು ಕೊಡ ನೀರಿನೊಂದಿಗೆ ಚಿಕ್ಕಬೋರಯ್ಯ. ಒಲೆಯ ಬಾಯಿಗೆ ಅಡ್ಡವಾಗಿ ಅಲಮೇಲಮ್ಮ ನಿಂತಿದ್ದರು.

"ರಾಯರೇ, ನನ್ನ ಮಾತನ್ನ ತಿರುಗಿಸಿ ಬರ್ದಿದೀರಿ."

"ಸಹಿ ತಮ್ಮದೇ ಅಲ್ವೇ ಅಮ್ಮ? ಪುಸ್ತಕದಲ್ಲಿ ಬಂದ ಮೇಲೆ ಮುಗೀತು. ನಾನೇ ಬದಲಾಯಿಸೋ ಹಾಗಿಲ್ಲ," ಎಂದರು ಲಕ್ಷ್ಮೀನರಸಿಂಹಯ್ಯ.

ಅಲಮೇಲಮ್ಮನಿಗೆ ಅಳು ಬರುವಂತಾಯಿತು. ಆದರೆ ಇಪ್ಪತ್ತೆರಡು ವರ್ಷ ಪಾಠ ಮಾಡಿದವರಿಗೆ, ಹೋಂವರ್ಕ್ ಮಾಡದೆ ಬಂದವರ ಮುಖ ಎದುರಿಗಿದ್ದರೆ ಗುರುತು ಸಿಗುತ್ತದೆ.

"ಆಗಲಿ. ಪುಸ್ತಕದ ಪ್ರಕಾರವೇ ನಡೀಲಿ. ಅನಂತರಾಮಯ್ಯನೋರೆ, ಬರ್ಕೊಳ್ಳಿ. ಮೊದಲನೇ ಕೊಡ ಸುರಿದವರು ಯಾರು, ಎರಡನೇದು ಯಾರು, ಸುರೀರಿ ಅಂತ ಹುಕುಂ ಕೊಟ್ಟೋರು ಯಾರು. ಮೂವರ ಸಹಿ. ಒಲೆ ಸೀಳಿದ್ರೆ ನಾಳೆ ಡೀಸಿ ಸಾಹೇಬರಿಗೆ ನಾನೇ ಒಂದು ನಕಲು ಕೊಟ್ಟುಬರ್ತೀನಿ."

ಕೊಟ್ಟಿಗೆಯ ಹಸು ಈದದ್ದಕ್ಕೂ ಸಹಿ ಹಾಕಬಲ್ಲ ಲಕ್ಷ್ಮೀನರಸಿಂಹಯ್ಯನವರು ಕನ್ನಡಕ ಒರೆಸತೊಡಗಿದರು.

"ಅನಂತರಾಮಯ್ಯ, ಕಾರ್ಯದರ್ಶಿ ಅಂದ್ಮೇಲೆ ನೀವೇ…"

"ನನ್ನ ಪೆನ್ನಲ್ಲಿ ಇಂಕಿಲ್ಲ ಸಾರ್."

"ನನ್ನ ಹತ್ರ ಇದೆ," ಎಂದು ಅಲಮೇಲಮ್ಮ ಪೆನ್ನು ಚಾಚಿದರು. ಯಾರೂ ತೆಗೆದುಕೊಳ್ಳಲಿಲ್ಲ. ಒಬ್ಬ ಸದಸ್ಯರಿಗೆ ಹಾಲಿನವನು ಕಾಯುತ್ತಿರುವುದು ನೆನಪಾಯಿತು. ಇನ್ನೊಬ್ಬರು ತಾವು ಬರೀ ನೋಡಲು ಬಂದದ್ದೆಂದರು.

"ಬುದ್ಧೀ," ಎಂದ ಚಿಕ್ಕಬೋರಯ್ಯ, "ಭುಜ ಬಿದ್ದೋಯ್ತದೆ. ಎಲ್ಲಿಗ್ ಸುರೀಲಿ?"

ಅವನು ಎಲ್ಲರ ಮುಖ ನೋಡಿದ. ಆಮೇಲೆ ಮೂಲೆಯಲ್ಲಿದ್ದ, ಹಿಟ್ಟು ಕಲೆಸಲು ನೀರು ತುಂಬಿಡುವ ಹಂಡೆಯ ಹತ್ತಿರ ಹೋಗಿ, "ಸಿಹಿನೀರು ಕಣ್ ಸಾಬ್ರೇ, ಚೆಲ್ಲೋಕ್ ಮನಸ್ ಬರಾಕಿಲ್ಲ," ಎನ್ನುತ್ತ ಎರಡೂ ಕೊಡ ಬಗ್ಗಿಸಿದ.

ಲಕ್ಷ್ಮೀನರಸಿಂಹಯ್ಯನವರ ಮುಖ ಅರಳಿತು. ಕಚೇರಿಯಲ್ಲಿ ಮೂವತ್ತು ವರ್ಷ ಸುಮ್ಮನೆ ಕಳೆದವರಲ್ಲ ಅವರು. "ಬರ್ಕೊಳ್ಳಿ. ನಾಲ್ಕನೆಯ ನಿರ್ಣಯದಂತೆ ದಿನಾಂಕ ಒಂಬತ್ತರಂದು ಸದರಿ ಬೇಕರಿಯಲ್ಲಿ ಎರಡು ಕೊಡ ನೀರನ್ನು ಸುರಿಯಲಾಯಿತು. ವಿಷಯ ಮುಕ್ತಾಯ."

ಈಗ ಎಲ್ಲರ ಪೆನ್ನಿನಲ್ಲೂ ಇಂಕಿತ್ತು. ಆರು ಸಹಿ ಬಿದ್ದವು.

ಸಮಿತಿ ಹೊರಡಲು ಅವಸರ ಮಾಡಲಿಲ್ಲ. ಒಲೆಯಿಂದ ಬನ್ನಿನ ತಟ್ಟೆ ಹೊರಬಂದಿತ್ತು. ಬೇಕರಿ ತಿಂಡಿಗೆ ಮಡಿ ಮೈಲಿಗೆ ಇಲ್ಲವೆಂಬುದು ಅಧ್ಯಕ್ಷರ ಹಳೆಯ ತೀರ್ಮಾನ. ಬೆಂಚಿನ ಮೇಲೆ ಕುಳಿತು, "ಏನಯ್ಯ ಪಾಷಾ, ಬೆಣ್ಣೆ ಇದ್ಯೇನು?" ಎಂದರು.

"ಇದೆ ಸ್ವಾಮಿ," ಎಂದ ಪಾಷಾ.

ಬನ್ನು ಸೀಳಿದವನು ಚಾಕು ಹಿಡಿದೇ ಒಲೆಯ ಇಟ್ಟಿಗೆಗಳ ಕಡೆ ತಿರುಗಿ ನಿಂತದ್ದನ್ನು ಅಲಮೇಲಮ್ಮ ನೋಡಿದರು. ಹತ್ತಿರ ಹೋಗಿ ಚಾಕು ಇಸಿದುಕೊಂಡು, ಬೆಣ್ಣೆ ಸವರುವ ಕೆಲಸ ತಾವೇ ಮಾಡಿದರು. ಮೊದಲನೆಯದನ್ನು ಚಿಕ್ಕಬೋರಯ್ಯನಿಗೆ ಕೊಟ್ಟರು. ಅಧ್ಯಕ್ಷರು ಕಾದರು.