ತಳದ ಕೋಣೆ

ಆ ಪುಟ್ಟ ಗೊಂಬೆ ಮತ್ತೆ ಕೆನ್ನೆ ಉಬ್ಬಿಸಿಕೊಂಡಿತು, ಉಸಿರು ಹಿಡಿದಿದೆ, ಮುಖ ನೀಲಿಗೆ ತಿರುಗುತ್ತಿದೆ, ಕಂಪ್ಯೂಟರಿನ ಆಟ ತಾನೇ ಎಂದು ಅವನು ತನಗೇ ಹೇಳಿಕೊಂಡ, ಆಟವೇ, ಆದರೂ ಮೌಸ್ ಬಿಟ್ಟು ಏಳಲು ಯಾಕೆ ಆಗುತ್ತಿಲ್ಲ — ನೆಲದಡಿಯ ಊರು, ಸುತ್ತಲೂ ಬಂಡೆ, ಒಳಗೆ ಗೊಂಬೆಗಳು ಅಗೆಯುತ್ತವೆ, ಬೇಯಿಸುತ್ತವೆ, ಮಲಗುತ್ತವೆ, ಅವು ಬಿಟ್ಟ ಉಸಿರೆಲ್ಲ ಭಾರವಾಗಿ ಇಳಿದು ತಳದಲ್ಲಿ ಕೂರುತ್ತದೆ, ಕೂತು ಕೂತು ಗೇಣು ಗೇಣಾಗಿ ಮೇಲೇರುತ್ತದೆ. ಮಗಳು ಕಟ್ಟಿದ ಊರು. ಶನಿವಾರ ಬರ್ತೀನಿ, ಅಲ್ಲೀವರೆಗೂ ನೀನು ನೋಡ್ಕೋ ಅಪ್ಪಾ, ಯಾರೂ ಸಾಯಬಾರದು, ತಳದ ರೂಮ್ ಮಾತ್ರ ಮುಟ್ಟಬೇಡ. ವಾರವೆಲ್ಲ ಅವಳು ಅಮ್ಮನ ಮನೆಯಲ್ಲಿ, ರಜೆಯ ಎರಡು ದಿನ ಇವನ ಬಾಡಿಗೆ ಮನೆಯಲ್ಲಿ, ಬರುವುದೂ ಬಿಡುವುದೂ ಇನ್ನು ಅವಳಿಷ್ಟ ಎಂದು ಅವಳಮ್ಮ ಫೋನಿನಲ್ಲಿ ಹೇಳಿಯಾಗಿದೆ, ದೊಡ್ಡವಳಾಗ್ತಿದ್ದಾಳೆ, ಬಲವಂತ ಮಾಡಲ್ಲ ನಾನು, ಅಲ್ಲಿ ಬೇಜಾರಂತೆ ಅವಳಿಗೆ — ಬೇಜಾರು, ಆ ಒಂದು ಮಾತು ವಾರವಿಡೀ ಕಿವಿಯಲ್ಲೇ ಇದೆ, ಈ ಆಟವೊಂದೇ ಅವಳನ್ನು ಇಲ್ಲಿಗೆ ಎಳೆದು ತರುವುದು, ಇದನ್ನೂ ಕೆಡಿಸಿಕೊಂಡರೆ ಮುಗಿಯಿತು, ಯಾವ ಮುಖ ಇಟ್ಟುಕೊಂಡು ಕರೆಯುವುದು ಅವಳನ್ನು.

ಕೆಡಿಸಿದ್ದೂ ಅವನೇ, ಬೇರೆಯವರ ಮೇಲೆ ಹಾಕೋಣವೆಂದರೆ ಈ ಮನೆಯಲ್ಲಿ ಬೇರೆ ಯಾರಿದ್ದಾರೆ. ಲಿಫ್ಟ್ ರಿಪೇರಿಯವನ ಬುದ್ಧಿ, ನಡುವೆ ನಿಂತ ಲಿಫ್ಟಿನೊಳಗೆ ಜನ ಕಿರುಚುತ್ತಿದ್ದರೆ ಮೊದಲು ಬಾಗಿಲನ್ನು ಬೆರಳಷ್ಟು ಸರಿಸಬೇಕು, ಗಾಳಿ ಬರ್ತಿದೆ, ಹೆದರಬೇಡಿ ಎನ್ನಬೇಕು — ಇಲ್ಲೂ ಅದನ್ನೇ ಮಾಡಿದ, ಕೆಟ್ಟ ಗಾಳಿ ಕಂಡಲ್ಲೆಲ್ಲ ಬಾಗಿಲು ತೆಗೆದಿಟ್ಟ, ಹೊರಗೆ ಹೋಗಲಿ ಅಂತ, ಎಲ್ಲಿಗೆ ಹೋಗಬೇಕು ಅದು, ಹೊರಗೆ ಎನ್ನುವುದೇ ಇಲ್ಲ ಅಲ್ಲಿ, ಅಡುಗೆಮನೆಯದು, ಜನರೇಟರಿನದು, ಎಲ್ಲವೂ ತೆರೆದ ಬಾಗಿಲುಗಳಿಂದ ಇಳಿದಿಳಿದು ತಳದ ಕೋಣೆಯನ್ನೇ ತುಂಬಿತು. ಮೂರು ಹಾಸಿಗೆಯ ಕೋಣೆ. ಅಲ್ಲಿ ಮಲಗುವ ಗೊಂಬೆಗಳಿಗೆ ಮಗಳೇ ಇಟ್ಟ ಹೆಸರು, ಅಪ್ಪ, ಅಮ್ಮ, ನಾನು. ಈಗ ಕೆನ್ನೆ ಉಬ್ಬಿಸಿಕೊಂಡಿರುವುದು ಆ ನಾನು, ನಿಜದವಳೂ ಹಾಗೆಯೇ, ಊಟದ ಮೇಜಿನಲ್ಲಿ ಇವರಿಬ್ಬರ ದನಿ ಏರಿದಾಗೆಲ್ಲ ಕೆನ್ನೆ ಉಬ್ಬಿಸಿ ಉಸಿರು ಹಿಡಿದು ಕೂರುತ್ತಿದ್ದಳು, ನಿಲ್ಲಿಸೋವರೆಗೂ ಬಿಡಲ್ಲ ಎಂಬ ಹಟ, ಇಬ್ಬರೂ ನಕ್ಕುಬಿಡುತ್ತಿದ್ದರು, ನಕ್ಕು ಮತ್ತೆ ಶುರುಮಾಡುತ್ತಿದ್ದರು, ಥೂ, ಎಂಥ ಜನ ನಾವು.

ಹಾಸಿಗೆಗಳನ್ನು ಅಲ್ಲೇ ಬಿಟ್ಟರೆ ಮೂವರೂ ಸಾಯುತ್ತಾರೆ, ಕಿತ್ತು ಮೇಲೆ ಹಾಕಿದರೆ ಮೂವರೂ ಬದುಕುತ್ತಾರೆ, ಕೋಣೆ ಕೆಟ್ಟ ಗಾಳಿಯ ಪಾಲು, ಅಷ್ಟೇ ಲೆಕ್ಕ, ಆದರೆ ಮೂರೂ ಹಿಡಿಸುವ ಜಾಗ ಮೇಲೆಲ್ಲೂ ಇಲ್ಲ — ಅಪ್ಪನದು ಅಡುಗೆಮನೆಯ ಪಕ್ಕ, ಅಮ್ಮನದು ಮೇಲಿನ ಅಂತಸ್ತಿಗೆ, ಇಷ್ಟು ಸಲೀಸಾಗಿ ಆಯಿತು, ನಾವಿಬ್ಬರೂ ಬೇರೆಯಾದಾಗಲೂ ಸಲೀಸಾಗೇ ಆಗಿತ್ತು, ಎರಡು ಸಹಿ, ಒಂದು ಟೆಂಪೊ. ಮಗಳದು, ಪುಟ್ಟಿಯದು, ಎಲ್ಲಿ. ಅಪ್ಪನ ಪಕ್ಕಕ್ಕೆ ತಂದ, ನಾಚಿಕೆಯಾಯಿತು, ಅಮ್ಮನ ಪಕ್ಕಕ್ಕೆ ಒಯ್ದ, ಹೊಟ್ಟೆ ಉರಿಯಿತು, ಅಷ್ಟರಲ್ಲಿ ಆಚೆ ಲಿಫ್ಟ್ ಏರಿ ಬರುವ ಸದ್ದು, ಎಣ್ಣೆ ಕೇಳುತ್ತಿರುವ ಲಿಫ್ಟು, ಇದೇ ಮಹಡಿಗೆ, ಶನಿವಾರ, ಅವಳೇ, ಇನ್ನು ಪುರುಸೊತ್ತಿಲ್ಲ, ಏಣಿಯ ಬುಡದಲ್ಲಿ ಎಲ್ಲರೂ ತುಳಿದು ಓಡಾಡುವ ಜಾಗದಲ್ಲಿ ಆ ಚಿಕ್ಕ ಹಾಸಿಗೆಯನ್ನು ಬಿಟ್ಟ.

ಬಾಗಿಲು, ಚೀಲ ಬಿದ್ದ ಸದ್ದು, ಅಪ್ಪಾ, ಎಲ್ರೂ ಇದ್ದಾರಾ, ಇದ್ದಾರೆ ಪುಟ್ಟೀ, ಒಬ್ಬರೂ ಸತ್ತಿಲ್ಲ, ಬೇಕಾದ್ರೆ ಎಣಿಸಿ ನೋಡು — ಅವಳು ಎಣಿಸಲಿಲ್ಲ, ಬೆನ್ನ ಹಿಂದೆ ಬಂದು ನಿಂತಳು, ಅವಳ ಕಣ್ಣು ನೇರ ತಳಕ್ಕೆ ಇಳಿದದ್ದು ಅವನಿಗೆ ತಿರುಗದೆಯೇ ತಿಳಿಯಿತು, ಖಾಲಿ ಕೋಣೆ, ಬರೀ ಗಾಳಿ, ಬಯ್ಯಲಿ, ಬಾಯಿಗೆ ಬಂದಂತೆ ಬಯ್ಯಲಿ, ಅತ್ತರೂ ಆದೀತು, ನಂದು ಯಾರ ಹತ್ರ ಹಾಕಿದೆ ಎಂದಳು, ತೀರ ಮೆಲ್ಲಗೆ, ಹೇಳಬೇಕು, ಬೇರೆ ದಾರಿ ಇರಲಿಲ್ಲ ಪುಟ್ಟೀ, ಉಸಿರು ನಿಲ್ತಿತ್ತು, ಇಬ್ಬರ ಹತ್ರಾನೂ — ಇಲ್ಲ, ಸುಳ್ಳು, ಯಾರ ಹತ್ತಿರವೂ ಇಲ್ಲ, ತಿರುಗಿದ, ಅವಳು ಅವನನ್ನು ನೋಡುತ್ತಿರಲಿಲ್ಲ, ತೆರೆಯನ್ನೇ ನೋಡುತ್ತಿದ್ದಳು, ತುಟಿ ಬಿಗಿದಿತ್ತು, ಕೆನ್ನೆ ಎರಡೂ ಉಬ್ಬಿದ್ದವು, ಉಬ್ಬಿಯೇ ಇದ್ದವು.